ಕೊನೆಯ ಹಾಳೆಗಳಿಲ್ಲದ ಮೂರನೆಯ ಭಾಗ

ಶಿಗ್ಗಾವಿಯಲ್ಲಿ ನನ್ನ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿಗೆ ವರ ಸಿಗುವುದು ಕಷ್ಟವೆಂದು ಬಂಧುಗಳೆಲ್ಲ ಅವರನ್ನು ಹೆದರಿಸಿದ್ದರು. ಆದರೆ ಅಕ್ಕಿಆಲೂರಿನಿಂದ ನನ್ನನ್ನು ನೋಡಲು ಬಂದ ಹೆಂಗಸು, ಮುಂದೆ ನನ್ನ ಅತ್ತೆಯಾದವರು, ಅಡಿಗೆ ಬರುತ್ತದೆಯೇ ಎಂದು ಕೇಳಲಿಲ್ಲ, ಹಾಡು ಹೇಳು ಎನ್ನಲಿಲ್ಲ. ನನ್ನನ್ನು ಹತ್ತಿರ ಕೂಡಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಪುಸ್ತಕ ಜೋರಾಗಿ ಓದಾಕ ಬರ್ತೈತೇನು, ಇಲ್ಲಾ ಮನಸಿನ್ಯಾಗಷ್ಟ ಓದ್ಕೋತೀಯೋ?"

ಬರುತ್ತದೆ ಎಂದೆ. ಮದುವೆ ಗೊತ್ತಾಯಿತು.

ಆ ಪ್ರಶ್ನೆಯ ಅರ್ಥ ಅಕ್ಕಿಆಲೂರಿಗೆ ಹೋದ ಮೇಲೆ ತಿಳಿಯಿತು. ನನ್ನ ಮಾವ ಬದುಕಿದ್ದಾಗ ದಿನಾ ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಪುರಾಣ ಓದುತ್ತಿದ್ದರಂತೆ. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಮಾವ ತೀರಿಕೊಂಡ ಮೇಲೆ ಮಗನಿಗೆ ಓದಲು ಹೇಳಿದರು. ನಮ್ಮ ಮನೆಯವರು ಅಕ್ಕಿಯ ಗಿರಣಿಯ ಸದ್ದಿನಲ್ಲಿ ಬೆಳಗ್ಗೆಯಿಂದ ಕೂಗಿ ಕೂಗಿ ಮಾತಾಡಿ ಮನೆಗೆ ಬರುವವರು. ಎರಡು ಪುಟ ಓದುವಷ್ಟರಲ್ಲಿ ಅವರ ಗಂಟಲೂ ಕಣ್ಣೂ ಕೂಡಿಯೇ ಮುಚ್ಚಿಕೊಳ್ಳುತ್ತಿದ್ದವು. ಹೀಗಾಗಿ ಆ ಮನೆಗೆ ಸೊಸೆಗಿಂತ ಹೆಚ್ಚಾಗಿ ಒಂದು ದನಿ ಬೇಕಾಗಿತ್ತು.

ಎರಡನೆಯ ಮಹಾಯುದ್ಧದ ಕಾಲ. ಸೀಮೆಎಣ್ಣೆ ರೇಷನ್ನಿನಲ್ಲಿ ಸಿಗುತ್ತಿದ್ದುದರಿಂದ ದೀಪ ಹಚ್ಚಿ ಓದುವ ಮಾತೇ ಇರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದು, ಗಂಡಸರು ಗಿರಣಿಗೆ ಹೋದ ಮೇಲೆ, ಹಿತ್ತಲ ಬಾಗಿಲ ಬೆಳಕಿಗೆ ನಾವು ಕೂಡುತ್ತಿದ್ದೆವು. ಅತ್ತೆ, ನಾನು, ನನ್ನ ನಾದಿನಿ. ನಮ್ಮ ಮನೆಯವರು ಹಾನಗಲ್ಲಿಗೆ ಕೆಲಸಕ್ಕೆ ಹೋದಾಗಲೆಲ್ಲ ಅಲ್ಲಿಯ ವಾಚನಾಲಯದಿಂದ ಒಂದು ಪುಸ್ತಕ ತರುತ್ತಿದ್ದರು. ಹೀಗೆ ಬಂದದ್ದು ಆ ಮೂರು ಭಾಗದ ಕಾದಂಬರಿ.

ನಾದಿನಿಯ ವಿಷಯ ಇಲ್ಲಿ ಹೇಳಬೇಕು. ಆಕೆ ನನಗಿಂತ ಒಂದೆರಡು ವರ್ಷ ದೊಡ್ಡವಳು, ಆದರೂ ಅಣ್ಣನ ಹೆಂಡತಿಯೆಂದು ನನ್ನನ್ನು ವೈನಿ ಎನ್ನುತ್ತಿದ್ದಳು. ಹಿರೇಕೆರೂರಿಗೆ ಕೊಟ್ಟಿದ್ದರು. ಮದುವೆಯಾಗಿ ವರ್ಷ ತುಂಬುವುದರೊಳಗೆ ಆಕೆಯ ಗಂಡ ಒಂದು ದಿನ ಹುಬ್ಬಳ್ಳಿಗೆ ಹೋಗಿ ಬರುತ್ತೇನೆಂದು ಹೊರಟವನು ದಂಡಿಗೆ ಸೇರಿಬಿಟ್ಟ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆಮೇಲೆ ಲಾರಿ ನಡೆಸುವ ಪಡೆಯಲ್ಲಿದ್ದಾನೆ, ಸಮುದ್ರ ದಾಟಿ ಹೋಗಿದ್ದಾನೆ ಎಂದು ಸುದ್ದಿ ಬಂತು. ಆಮೇಲೆ ಸುದ್ದಿಯೂ ನಿಂತಿತು. ಅತ್ತೆ ಹಿರೇಕೆರೂರಿಗೆ ಹೋಗಿ ಮಗಳನ್ನು ಕರೆದುಕೊಂಡು ಬಂದರು. ಬಂದವಳು ಮನೆಗೆಲಸವನ್ನೆಲ್ಲ ಮಾಡುತ್ತಿದ್ದಳು, ಕರೆದರೆ ಓ ಎನ್ನುತ್ತಿದ್ದಳು, ಅದಕ್ಕಿಂತ ಹೆಚ್ಚು ಮಾತಿರಲಿಲ್ಲ. ಊರವರೆಲ್ಲ ಅದನ್ನು ದುಃಖವೆಂದರು. ನಾನೂ ಹಾಗೆಯೇ ತಿಳಿದಿದ್ದೆ.

ಕಾದಂಬರಿ ಹೊಳೆಯ ದಂಡೆಯ ಒಂದು ದೊಡ್ಡ ಮನೆಯದು. ಆ ಮನೆಗೆ ಸೊಸೆಯಾಗಿ ಬರುವ ಹುಡುಗಿಯೇ ಕತೆಯ ನಾಯಕಿ. ಪುಸ್ತಕದಲ್ಲಿ ಆಕೆಗೆ ಹೆಸರಿತ್ತು. ನಮ್ಮ ಹಿತ್ತಲಲ್ಲಿ ಮಾತ್ರ ಆಕೆ ಮೊದಲ ವಾರದಿಂದಲೇ 'ನಮ್ಮಾಕಿ' ಆಗಿದ್ದಳು. ಮದುವೆಯ ದಿಬ್ಬಣ ದೋಣಿಯಲ್ಲಿ ಹೊಳೆ ದಾಟುವುದರಿಂದ ಕತೆ ಶುರು. ಅಂಬಿಗ ಹುಟ್ಟು ಹಾಕುತ್ತ, ಈ ದೋಣಿ ಆಚೆಯಿಂದ ತಂದ ಸೊಸೆಯರನ್ನು ಎಂದೂ ತಿರುಗಿ ಒಯ್ದಿಲ್ಲ ಎನ್ನುತ್ತಾನೆ. ಅಷ್ಟು ಓದಿದ ಕೂಡಲೇ ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದರು.

"ಇಕಿ ಹೊಳೀಪಾಲ ಆಗ್ತಾಳ, ನೋಡ್ಕೋ."

"ಅತ್ತಿಯವರ, ಇನ್ನೂ ಮೊದಲನೇ ಪುಟ ಐತ್ರಿ."

"ಅದಕ್ಕ ಹೇಳಾಕತ್ತೇನಿ. ಮೊದಲನೇ ಪುಟದಾಗ ಅಂಬಿಗ ಸುಮ್ಮ ಸುಮ್ಮನ ಮಾತಾಡ್ತಾನೇನು? ಬರದಾಂವ ಆಡಿಸ್ಯಾನ."

ಅತ್ತೆಯ ತವರು ವರದಾ ಹೊಳೆಯ ದಂಡೆಯ ಹಳ್ಳಿ. ಕಾದಂಬರಿಯಲ್ಲಿ ಪ್ರತಿ ಮಳೆಗಾಲಕ್ಕೂ ಹೊಳೆ ದಂಡೆಯನ್ನು ಸ್ವಲ್ಪ ಸ್ವಲ್ಪ ಕೊರೆಯುತ್ತಿತ್ತು. ಮೊದಲು ಬಟ್ಟೆ ಒಗೆಯುವ ಕಲ್ಲು ಹೋಯಿತು. ಮತ್ತೊಂದು ವರ್ಷ ಹಿತ್ತಲ ಬೇವಿನ ಮರದ ಬೇರು ಹೊರಬಿತ್ತು. ನಾನು ಇಂಥದ್ದನ್ನೆಲ್ಲ ವರ್ಣನೆ ಎಂದು ಸರಸರ ಓದಿಬಿಡುತ್ತಿದ್ದೆ. ಗಂಡ ಹೆಂಡಿರ ಮಾತು ಎಲ್ಲಿ ಬರುತ್ತದೆ ಎಂದು ನನ್ನ ಕಣ್ಣು ಮುಂದಿನ ಸಾಲಿಗೆ ಓಡುತ್ತಿತ್ತು. ಅತ್ತೆ ಬಿಡುತ್ತಿರಲಿಲ್ಲ. "ಬೇರಿನ ಮಾತು ಇನ್ನೊಮ್ಮೆ ಓದು" ಎನ್ನುವರು. ಓದುತ್ತಿದ್ದೆ. "ಹೊಳಿ ಮನಿ ಹಂತೇಕ ಬರಾಕತ್ತೈತಿ. ಇವರಿಗೆ ಖಬರ ಇಲ್ಲ" ಎಂದು ಆ ಮನೆಯವರ ಮೇಲೆ ಸಿಟ್ಟಾಗುತ್ತಿದ್ದರು.

ಮೊದಲನೆಯ ಭಾಗ ಮುಗಿಯುವ ಹೊತ್ತಿಗೆ ನಮ್ಮಾಕಿಯ ಗಂಡ ತನ್ನ ತಂದೆಯೊಡನೆ ಜಗಳವಾಡಿ, ಹೆಂಡತಿಗೆ ಒಂದು ಮಾತೂ ಹೇಳದೆ ಮನೆ ಬಿಟ್ಟು ಹೋದ. ಆ ಅಧ್ಯಾಯ ಓದುವಾಗ ನಾದಿನಿ ಪಕ್ಕದಲ್ಲೇ ಕುಳಿತು ಅಕ್ಕಿಯಲ್ಲಿಯ ಕಲ್ಲು ಆರಿಸುತ್ತಿದ್ದಳು. ನಾನು ಪುಸ್ತಕ ಮುಚ್ಚಿ, "ಇವತ್ತಿಗೆ ಸಾಕು" ಎಂದೆ.

"ಯಾಕ ವೈನಿ? ಬೆಳಕೈತಿ, ಓದ್ರಿ" ಎಂದಳು ಆಕೆ, ಮೊರದಿಂದ ತಲೆ ಎತ್ತದೆ.

ಆ ಸಂಜೆ ಅತ್ತೆ ನನ್ನನ್ನು ಒಲೆಯ ಹತ್ತಿರ ಕರೆದು ಪಿಸುದನಿಯಲ್ಲಿ ಹೇಳಿದರು: "ಕೊನಿ ಕೆಟ್ಟದ್ದು ಇತ್ತಂದ್ರ ಆಕಿ ಮುಂದ ಓದಬ್ಯಾಡ. ಮೊದಲ ನೀ ಒಬ್ಬಾಕಿನ ನೋಡಿ ನನಗ ಹೇಳು." ಆದರೆ ವಾಚನಾಲಯದವರು ಒಮ್ಮೆಗೆ ಒಂದೇ ಭಾಗ ಕೊಡುತ್ತಿದ್ದರು. ಮೂರನೆಯ ಭಾಗ ಹಾನಗಲ್ಲಿನಲ್ಲಿ ಬೇರೆ ಯಾರದೋ ಮನೆಯಲ್ಲಿತ್ತು. ನೋಡಿಕೊಳ್ಳುವುದು ಎಲ್ಲಿಂದ?

ಎರಡನೆಯ ಭಾಗದಲ್ಲಿ ವರ್ಷಗಳು ಉರುಳಿದವು. ಅತ್ತೆ ಮಾವಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡರು, ನಮ್ಮಾಕಿಯೇ ಮನೆಯನ್ನು ನಡೆಸಿದಳು, ಮೈದುನನ ಮಕ್ಕಳನ್ನು ಸಾಕಿದಳು, ದನಕ್ಕೆ ಕೊಟ್ಟಿಗೆ ಕಟ್ಟಿಸಿದಳು. ನನಗೆ ಬೇಸರ ಬರುತ್ತಿತ್ತು. ಗಂಡ ಎಲ್ಲಿ, ಅವನ ಸುದ್ದಿ ಏಕೆ ಇಲ್ಲ ಎಂದು ಬರೆದವನ ಮೇಲೆ ಒಳಗೊಳಗೇ ಕೋಪ. ಅತ್ತೆಗೆ ಮಾತ್ರ ಈ ಭಾಗವೇ ಹೆಚ್ಚು ಸೇರಿತು. ಸುಗ್ಗಿಯ ಲೆಕ್ಕ, ಕಾಳಿನ ಹಗೇವು, ಆಳುಗಳ ಜಗಳ ಬಂದಾಗ, "ಈತ ಮನಿತನ ಕಂಡಾಂವ" ಎಂದು ಬರೆದವನನ್ನು ಹೊಗಳುತ್ತಿದ್ದರು.

ಮೂರನೆಯ ಭಾಗ ಕೈಗೆ ಬಂದದ್ದು ಮುಂಗಾರು ಶುರುವಾದಾಗ. ಹೊರಗೆ ಭತ್ತದ ಗದ್ದೆಗಳಲ್ಲಿ ಕೆಲಸ, ಒಳಗೆ ನಾವು ಆದಷ್ಟು ಬೇಗ ಅಡಿಗೆ ಮುಗಿಸಿ ಕೂಡುತ್ತಿದ್ದೆವು. ಕತೆಯಲ್ಲೂ ಮಳೆ ಹಿಡಿಯಿತು. ಹೊಳೆ ಏರಿತು. ಒಂದು ಮಧ್ಯಾಹ್ನ ಓದುತ್ತ ಓದುತ್ತ ಈ ಜಾಗಕ್ಕೆ ಬಂದೆವು: ಮುಸ್ಸಂಜೆಯ ಹೊತ್ತು, ಮಳೆ ಒಂದಿಷ್ಟು ನಿಂತಿದೆ, ಆಚೆ ದಂಡೆಯಲ್ಲಿ ಒಬ್ಬ ಮನುಷ್ಯ ನಿಂತು ದೋಣಿಗಾಗಿ ಕೂಗುತ್ತಾನೆ. ಇಷ್ಟು ವರ್ಷಗಳ ಮೇಲೂ ಆ ದನಿ ಯಾರದೆಂದು ನಮ್ಮಾಕಿಗೆ ಗೊತ್ತಾಗುತ್ತದೆ. ನಾನು ಹಾಳೆ ತಿರುವಿದೆ.

ಮುಂದೆ ಹಾಳೆ ಇರಲಿಲ್ಲ. ಹೊಲಿಗೆಯ ದಾರ ಸಡಿಲಾಗಿ ಕೊನೆಯ ಹಾಳೆಗಳ ಕಟ್ಟು ಪೂರ್ತಿ ಕಳಚಿ ಹೋಗಿತ್ತು. ರಟ್ಟಿನ ಒಳಮೈ ಖಾಲಿ.

"ಓದು" ಎಂದರು ಅತ್ತೆ.

"ಇಲ್ರಿ."

"ಏನಿಲ್ಲ?"

"ಮುಂದಿನ ಹಾಳಿನ ಇಲ್ರಿ, ಅತ್ತಿಯವರ."

ಅವರು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಲು ಬಾರದಿದ್ದರೂ, ತಿರುಗಿಸಿ ಮುರುಗಿಸಿ ನೋಡಿದರು. ಹಿಂದಿನ ರಟ್ಟನ್ನು ಬೆರಳಿನಿಂದ ತಟ್ಟಿದರು. "ಯಾರ ಮನ್ಯಾಗ ಇತ್ತೋ, ಅವರ ಒಲಿ ಹತ್ತಬಾರದು" ಎಂದು ಶಾಪ ಹಾಕಿ, ಕೂಡಲೇ, "ಹತ್ತಲಿ ಬಿಡು, ಮಳಿ ದಿನ" ಎಂದು ಹಿಂತೆಗೆದುಕೊಂಡರು.

ನಮ್ಮ ಮನೆಯವರು ಹಾನಗಲ್ಲಿಗೆ ಹೋಗಿ ಕೇಳಿ ಬಂದರು. ವಾಚನಾಲಯದವರ ಹತ್ತಿರ ಬೇರೆ ಪ್ರತಿ ಇರಲಿಲ್ಲ. ಅವರೂ ಕೊನೆ ಓದಿರಲಿಲ್ಲವಂತೆ.

ಆಮೇಲಿನ ದಿನಗಳು ವಿಚಿತ್ರವಾಗಿದ್ದವು. ಓದಲು ಏನೂ ಇಲ್ಲದಿದ್ದರೂ ಮಧ್ಯಾಹ್ನ ನಾವು ಅದೇ ಜಾಗದಲ್ಲಿ ಕೂಡುತ್ತಿದ್ದೆವು. ಕೊನೆ ಏನಾಗಿರಬಹುದು ಎಂಬುದೇ ಮಾತು. ಅತ್ತೆಯ ವಾದ ಗಟ್ಟಿ: ಹೊಳೆ ಮನೆಯನ್ನು ನುಂಗುತ್ತದೆ, ನಮ್ಮಾಕಿ ಮನೆಯ ಜೊತೆಗೇ ಹೋಗುತ್ತಾಳೆ, ಗಂಡ ಆಚೆ ದಂಡೆಯಲ್ಲಿ ನಿಂತು ನೋಡುತ್ತಾನೆ. "ಮೊದಲನೇ ಪುಟದಿಂದ ಅಂವ ದಂಡಿ ಕಡ್ಯಾಕತ್ತಾನ. ಇಷ್ಟೆಲ್ಲಾ ಕಡದು ಕೊನೀಗೆ ಸುಮ್ಮನ ಬಿಡ್ತಾನೇನು?" ನನಗೆ ಅದು ಒಪ್ಪಿಗೆಯಾಗಲಿಲ್ಲ. ಮೂರು ಭಾಗ ಕಾಯಿಸಿ ಅವರಿಬ್ಬರನ್ನೂ ಕೂಡಿಸದಿದ್ದರೆ ಓದಿದವರು ಬರೆದವನನ್ನು ಬಿಡುತ್ತಾರೆಯೇ ಎಂದು ವಾದಿಸುತ್ತಿದ್ದೆ. ಆಗ ನನಗೆ ಹದಿನೇಳೋ ಹದಿನೆಂಟೋ. ಕತೆ ಎಂದರೆ ಕೂಡುವುದು ಎಂದೇ ನನ್ನ ತಿಳಿವಳಿಕೆ.

ಊಟಕ್ಕೆ ಬಂದ ನಮ್ಮ ಮನೆಯವರನ್ನೂ ಅತ್ತೆ ಬಿಡಲಿಲ್ಲ. ಅವರು ರೊಟ್ಟಿ ಮುರಿಯುತ್ತ, "ಅಂಬಿಗ ಮಬ್ಬಾಂವ ಇದ್ದಾನ. ಅಷ್ಟ ನೀರಾಗ ದ್ವಾಣಿ ಬಿಟ್ರ ಇಬ್ಬರೂ ಮುಳಗ್ತಾರ" ಎಂದು ತೀರ್ಪು ಕೊಟ್ಟು ಗಿರಣಿಗೆ ಹೋದರು. ಅದೂ ಸಾಧ್ಯವೇ ಎಂದು ನಾವು ಒಂದು ದಿನವೆಲ್ಲ ಮಾತಾಡಿದೆವು.

"ನೀ ಏನಂತಿ?" ಎಂದು ಅತ್ತೆ ಮಗಳನ್ನು ಕೇಳಿದರು.

"ನನಗ ತಿಳೀದು" ಎಂದು ಆಕೆ ಎದ್ದು, ಒಣಹಾಕಿದ್ದ ಬಟ್ಟೆ ತರಲು ಹೋದಳು. ಅತ್ತೆ ನನ್ನ ಮುಖ ನೋಡಿದರು. ಆ ವಿಷಯ ಆಕೆಯ ಮುಂದೆ ತೆಗೆಯಬಾರದಿತ್ತು ಎಂದು ಇಬ್ಬರಿಗೂ ಅನಿಸಿತು.

ನಾಗರ ಪಂಚಮಿಗೆ ನನ್ನನ್ನು ಶಿಗ್ಗಾವಿಗೆ ಕರೆದುಕೊಂಡು ಹೋಗಲು ಅಪ್ಪ ಬಂದರು. ಹೊರಡುವಾಗ ಅತ್ತೆ ಉಂಡಿಯ ಗಂಟು ಕೈಗಿಟ್ಟು, "ನಿಮ್ಮ ಅಪ್ಪಗ ನಾಕು ಮಂದಿ ಓದೂ ಜನ ಗೊತ್ತಿರ್ತಾರ. ಆ ಪುಸ್ತಕ ಯಾರ ಕಡೀಗರೆ ಐತೇನು ಕೇಳಿ ಬಾ" ಎಂದರು. ಜೋಕಾಲಿ ಆಡಿ ಬಾ ಎನ್ನುವ ಧಾಟಿಯಲ್ಲೇ ಹೇಳಿದರು, ಆದರೆ ಹಬ್ಬಕ್ಕಿಂತ ಅದೇ ಮುಖ್ಯವೆಂದು ನನಗೆ ಗೊತ್ತಾಯಿತು.

ಪೆಟ್ರೋಲು ಸಿಗದ ಕಾಲ; ಇದ್ದಿಲ ಗ್ಯಾಸಿನ ಮೋಟಾರು ಬಸ್ಸು ಏರು ಬಂದಲ್ಲೆಲ್ಲ ಕೆಮ್ಮಿ ನಿಲ್ಲುತ್ತಿತ್ತು. ದಾರಿಯುದ್ದಕ್ಕೂ ಅಪ್ಪನಿಗೆ ಕತೆ ಹೇಳಿದೆ. ಅಪ್ಪ ಕಾದಂಬರಿ ಓದುವವರಲ್ಲ, ಆದರೂ ಆಚೆ ದಂಡೆಯ ಕೂಗಿನ ತನಕ ಬಂದು ನಾನು ನಿಲ್ಲಿಸಿದಾಗ, "ಮುಂದ?" ಎಂದರು. ಮುಂದೆ ಇಲ್ಲ ಎಂದೆ. ಅವರು, "ಸವಣೂರಾಗ ನಮ್ಮ ಹಳೇ ಹೆಡ್‌ಮಾಸ್ತರರ ಕಡೆ ಇರಬಹುದು" ಎಂದರು.

ಹಬ್ಬ ಮುಗಿದ ಮೇಲೆ ಸವಣೂರಿಗೆ ಚಕ್ಕಡಿಯಲ್ಲಿ ಹೋದೆವು. ಹೆಡ್‌ಮಾಸ್ತರರು ನಿವೃತ್ತರಾಗಿ, ಎಲೆಬಳ್ಳಿಯ ತೋಟಗಳ ದಾರಿಯಲ್ಲಿ ಒಂದು ಸಣ್ಣ ಮನೆಯಲ್ಲಿದ್ದರು. ಮನೆಯ ತುಂಬ ಪುಸ್ತಕ. ಮೂರು ಭಾಗಗಳೂ ಇದ್ದವು, ಹೊಸದರಂತೆ. ಆದರೆ ಪುಸ್ತಕ ಹೊರಗೆ ಕೊಡುವ ಪದ್ಧತಿ ಅವರದಲ್ಲ.

"ಕೊಟ್ಟ ಪುಸ್ತಕ ತವರಿಗೆ ಬರೂದಿಲ್ಲ, ತಂಗೀ. ಇಲ್ಲೇ ಕುಂತು ಓದು. ಎಷ್ಟೊತ್ತಾದ್ರೂ ಓದು."

ಅವರೂ ಅಪ್ಪನೂ ಒಳಗೆ ಮಾತಿಗೆ ಕುಳಿತರು. ನಾನು ಕಟ್ಟೆಯ ಮೇಲೆ ಕುಳಿತು ಕೊನೆಯ ಹಾಳೆಗಳನ್ನು ತೆರೆದೆ.

ಹೀಗಿತ್ತು ಕೊನೆ. ಆಚೆ ದಂಡೆಯ ದನಿ ಕೇಳಿದರೂ ನಮ್ಮಾಕಿ ದಂಡೆಗೆ ಬರುವುದಿಲ್ಲ. ಆ ಹೊತ್ತಿಗಾಗಲೇ ಆಕೆ ಮಕ್ಕಳನ್ನೂ ಆಳುಗಳನ್ನೂ ದನಗಳನ್ನೂ ಮನೆಯ ಹಿಂದಿನ ದಿಬ್ಬಕ್ಕೆ ಹತ್ತಿಸಿಬಿಟ್ಟಿದ್ದಾಳೆ. ಕೊನೆಯ ಎಮ್ಮೆಯನ್ನು ಹೊಡೆದುಕೊಂಡು ಹೋಗುತ್ತಿರುವಾಗಲೇ ಆ ಕೂಗು ಕೇಳಿಸುವುದು. ನೀರು ಇಳಿದ ಮೇಲೆ ದೋಣಿ ಬಿಡು ಎಂದು ಅಂಬಿಗನಿಗೆ ಅಲ್ಲಿಂದಲೇ ಕೂಗಿ ಹೇಳಿ ಆಕೆ ಮೇಲೆ ಹತ್ತುತ್ತಾಳೆ. ಅಂದು ಹೊಳೆ ಮನೆಯನ್ನು ಒಯ್ಯುತ್ತದೆ. ಮರುದಿನ ಅಂಬಿಗ ಆ ಮನುಷ್ಯನನ್ನು ದಾಟಿಸುತ್ತಾನೆ. ಇಳಿದು ನೋಡಿದರೆ ಮನೆಯಿದ್ದಲ್ಲಿ ಬರೀ ಕೆಂಪು ನೀರು. ಮನೆ ಎಲ್ಲಿ ಎಂದು ಆತ ಕೇಳುತ್ತಾನೆ. ಅಂಬಿಗ ಹುಟ್ಟು ಎತ್ತಿ ದಿಬ್ಬದ ಮೇಲೆ ಏಳುತ್ತಿದ್ದ ಹೊಗೆಯನ್ನು ತೋರಿಸುತ್ತಾನೆ. ಆತ ಏರತೊಡಗುತ್ತಾನೆ. ಅಷ್ಟೇ. ಮುಗಿಯಿತು.

ಮೊದಲು ನನಗೆ ಬಂದದ್ದು ಸಿಟ್ಟು. ಇನ್ನೆರಡು ಪುಟ ಬರೆಯಲು ಏನು ಧಾಡಿಯಾಗಿತ್ತು ಇವನಿಗೆ? ಅವರಿಬ್ಬರೂ ಎದುರಾದಾಗ ಏನಾಯಿತು? ಆಕೆ ಅತ್ತಳೋ, ಬೈದಳೋ? ಇನ್ನೂ ಹಾಳೆ ಇರಬಹುದೆಂದು ಹಿಂದಿನ ರಟ್ಟನ್ನು ಬಿಚ್ಚಿ ನೋಡಿದೆ, ಥೇಟ್ ಅತ್ತೆಯ ಹಾಗೆಯೇ.

ಆಮೇಲೆ ದಿಬ್ಬದ ವಿಷಯ ತಲೆಗೆ ಬಂತು. ಆ ದಿಬ್ಬ ಒಮ್ಮೆಲೇ ಎಲ್ಲಿಂದ ಬಂತು? ಮೋಸ ಮಾಡಿದ್ದಾನೆ ಎಂದುಕೊಂಡು ಮೊದಲನೆಯ ಭಾಗ ತೆಗೆದೆ. ಮೋಸವಿರಲಿಲ್ಲ. ಹೊಸ ಸೊಸೆಯಾಗಿ ಬಂದ ವಾರದಲ್ಲೇ ಆಕೆ, ಆ ದಿಬ್ಬದ ಮೇಲೆ ಯಾಕೆ ಯಾರೂ ಮನೆ ಕಟ್ಟಿಲ್ಲ ಎಂದು ಕೇಳುತ್ತಾಳೆ; ನೀರು ಹೊರುವವರು ಯಾರು ಎಂದು ಎಲ್ಲರೂ ನಗುತ್ತಾರೆ. ಎರಡನೆಯ ಭಾಗದಲ್ಲಿ ಕಟ್ಟಿಸಿದ ಕೊಟ್ಟಿಗೆ ದಿಬ್ಬದ ಮೇಲೆಯೇ. ಇಲಿಯ ಕಾಟ ಎಂಬ ನೆಪದಿಂದ ಕಾಳನ್ನು ಅಲ್ಲಿಗೆ ಸಾಗಿಸುತ್ತಾಳೆ. ಇದನ್ನೆಲ್ಲ ನಾನೇ ನನ್ನ ಬಾಯಿಂದ, ಜೋರಾಗಿ, ಓದಿದ್ದೆ! ಅಂಬಿಗನ ಮಾತು, ಹೊಳೆಯ ಕೊರೆತ, ಇವು ಗಂಟೆ ಬಾರಿಸಿದ ಹಾಗೆ ಕೇಳಿಸಿದ್ದವು. ಅವುಗಳ ಸದ್ದಿನಲ್ಲಿ ಒಬ್ಬ ಹೆಂಗಸು ದಿನದಿನವೂ ಮಾಡುತ್ತಿದ್ದ ಕೆಲಸ ಕಿವಿಗೆ ಬಿದ್ದಿರಲಿಲ್ಲ. ಮುಂದಾಗುವುದನ್ನು ಬರೆದವನು ಎರಡು ದನಿಯಲ್ಲಿ ಹೇಳಿದ್ದ; ಅತ್ತೆಯೂ ನಾನೂ ಒಂದನ್ನೇ ಹಿಡಿದು ಜಗಳವಾಡಿದ್ದೆವು.

ಕೊನೆಯ ಹಾಳೆಗಳನ್ನು ಬಾಯಿಪಾಠವಾಗುವ ತನಕ ಓದಿದೆ. ಹೊರಟಾಗ ಹೆಡ್‌ಮಾಸ್ತರರು, "ಹ್ಯಾಂಗ ಅನಸ್ತು?" ಎಂದು ಕೇಳಿದರು. ಸಿಟ್ಟು ಬಂತು ಎಂದೆ. "ನನಗೂ ಬಂದಿತ್ತು" ಎಂದು ನಕ್ಕು, ಒಂದು ಕವಳಿಗೆ ವೀಳ್ಯದೆಲೆ ಕೊಟ್ಟು ಕಳಿಸಿದರು.

ಅಕ್ಕಿಆಲೂರಿಗೆ ತಿರುಗಿ ಬಂದ ದಿನ ಅತ್ತೆ ನನಗೆ ಕಾಲು ತೊಳೆಯಲೂ ಬಿಡಲಿಲ್ಲ. "ಸಿಕ್ಕಿತೇನು?" ಸಿಕ್ಕಿತು ಎಂದೆ. ಮಗಳು ಹಿತ್ತಲಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, "ಆಕಿ ಮುಂದ ಹೇಳೂವಂಥಾದ್ದ ಐತೋ?" ಎಂದರು. ಹೇಳುವಂಥದ್ದೇ ಎಂದೆ. ಇಬ್ಬರೂ ಹಿತ್ತಲಿಗೆ ಹೋದೆವು.

ನಾದಿನಿ ಬಾಗಿಲ ಬೆಳಕಿನಲ್ಲಿ ಕುಳಿತಿದ್ದಳು. ಮಡಿಲಲ್ಲಿ ಮೊದಲನೆಯ ಭಾಗ. ತುಟಿ ಅಲುಗುತ್ತಿತ್ತು, ಸಾಲಿನ ಕೆಳಗೆ ಬೆರಳು ಸರಿಯುತ್ತಿತ್ತು. ಮದುವೆಗೆ ಮುಂಚೆ ನಾಲ್ಕನೆಯ ಇಯತ್ತೆ ತನಕ ಕಲಿತು ಎಲ್ಲ ಮರೆತಿದ್ದಳೆಂದು ಮನೆಯವರು ಹೇಳುತ್ತಿದ್ದರು. ನಾನು ಓದುವಾಗ ಇಷ್ಟು ದಿನ ಪಕ್ಕದಲ್ಲೇ ಕುಳಿತು ಪುಟದ ಮೇಲೆ ಕಣ್ಣಿಟ್ಟು ಅಕ್ಷರಗಳನ್ನು ಮತ್ತೆ ಹಿಡಿದಿದ್ದಳು. ನಾನು ತವರಿಗೆ ಹೋದ ಮರುದಿನವೇ ಅಣ್ಣನಿಗೆ ಹೇಳಿ ಪುಸ್ತಕ ತರಿಸಿಕೊಂಡಿದ್ದಳು.

ಅಲ್ಲಿಯೇ ಕುಳಿತು ಕೊನೆಯನ್ನು ಹೇಳಿದೆ. ಆದಷ್ಟು ಪುಸ್ತಕದ ಮಾತುಗಳಲ್ಲೇ ಹೇಳಿದೆ.

ಹೊಳೆ ಮನೆ ಒಯ್ದದ್ದನ್ನು ಕೇಳಿ ಅತ್ತೆಯ ಮುಖ ಅರಳಿತು. "ಹೇಳಿದ್ದಿಲ್ಲೇನು ನಾ?" ನಮ್ಮಾಕಿ ಬದುಕಿದಳೆಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ದಿಬ್ಬದ ಹೊಗೆಯ ಮಾತಿಗೆ ಮಾತ್ರ ತಕರಾರು ತೆಗೆದರು.

"ಅಷ್ಟ ಮಳ್ಯಾಗ ಒಲಿ ಹ್ಯಾಂಗ ಹೊತ್ತಿಸಿದ್ಲು? ಹಸೀ ಕಟ್ಟಿಗಿ ಹೊಗಿ ಕೊಡ್ತೈತಿ, ಉರಿ ಕೊಡೂದಿಲ್ಲ. ಬರದಾಂವ ಗಂಡಸ, ಅವಗೇನು ಗೊತ್ತು!"

"ಒಣಾ ಸಗಣಿ ಕುಳ್ಳ ಇಟ್ಟಿದ್ಲು" ಎಂದಳು ನಾದಿನಿ. "ಎರಡನೇ ಭಾಗದಾಗ. ಕೊಟಗಿ ಅಟ್ಟದ ಮ್ಯಾಲ ಕುಳ್ಳ ಏರಿಸ್ತಾಳ ನೋಡ್ರಿ, ಆಳುಮನಷಾ ನಗತಾನ. ವೈನಿ ಅದನ್ನ ಓದುವಾಗ ನಿನಗ ನಿದ್ದಿ ಹತ್ತಿತ್ತು, ಅವ್ವಾ."

ಆಕೆ ಅಷ್ಟು ಉದ್ದದ ಮಾತು ಆಡಿದ್ದನ್ನು ನಾನು ಆವತ್ತೇ ಕೇಳಿದ್ದು.

"ಮತ್ತ ನಿನ್ನನ್ನ ಕೇಳಿದಾಗ ತಿಳೀದು ಅಂದಿ?" ಎಂದರು ಅತ್ತೆ.

"ನೀವಿಬ್ಬರೂ ಆಕಿ ಗಂಡ ಬರ್ತಾನೋ ಇಲ್ಲೋ, ಆಕಿ ಸಾಯ್ತಾಳೋ ಇಲ್ಲೋ ಅಂತ ಕೇಳಾಕತ್ತಿದ್ರಿ. ನನಗ ಆಕಿ ಅಷ್ಟೊಂದು ಕಾಳು ಮ್ಯಾಲ ಯಾಕ ಒಯ್ಯಾಕತ್ತಾಳ ಅನ್ನೂದ ತಿಳೀಲಿಲ್ಲ. ಅದಕ್ಕ ತಿಳೀದು ಅಂದೆ." ಪುಸ್ತಕ ಮುಚ್ಚಿ ಹೇಳಿದಳು: "ನೀವು ನನ್ನ ಮುಂದ ಭಾಳ ಮೆಲ್ಲಕ ಮಾತಾಡ್ತೀರಿ, ಅವ್ವಾ. ನನಗ ದುಃಖ ಇಲ್ಲ. ಸಿಟ್ಟೈತಿ. ಹೋಗೂದಿತ್ತು, ಹೇಳಿ ಹೋಗಬೇಕಿತ್ತು."

ಅತ್ತೆ ಮಗಳ ತಲೆಯ ಮೇಲೆ ಕೈಯಿಟ್ಟರು. ಆಕೆ ಕೈ ತೆಗೆಯಲಿಲ್ಲ.

ದಸರೆಯ ಮೇಲೆ ಹಿರೇಕೆರೂರಿನಿಂದ ಆಕೆಯ ಮಾವ ಬಂದರು. ಹೆಂಡತಿ ಇಲ್ಲದ ಮನುಷ್ಯ, ಇದ್ದೊಬ್ಬ ಮಗ ದಂಡಿಗೆ ಹೋಗಿದ್ದಾನೆ. ತಾನೇ ರೊಟ್ಟಿ ಬಡಿದುಕೊಂಡು ಇದ್ದವರು. ಪಡಸಾಲೆಯಲ್ಲಿ ಕುಳಿತು ನೀರು ಕುಡಿದು, "ಕರಕೊಂಡು ಹೋಗಾಕ ಬಂದಿಲ್ರಿ. ಕೇಳಾಕ ಬಂದೇನಿ" ಎಂದರು. "ಮನಿ ಆಕೀದು. ಬಂದ್ರ ಸಂತೋಷ. ಬರೂದಿಲ್ಲಂದ್ರ ನನಗೇನೂ ಸಿಟ್ಟಿಲ್ಲ."

ಅತ್ತೆ ಬೇಡವೆನ್ನಲು ಬಾಯಿ ತೆರೆದಿದ್ದರು. ನಾದಿನಿ ಬಾಗಿಲ ಹಿಂದಿನಿಂದ ಕೇಳಿದಳು: "ಅಲ್ಲಿ ಹೆಣ್ಣುಮಕ್ಕಳ ಸಾಲಿ ಇನ್ನೂ ನಡದೈತೇನ್ರಿ, ಮಾವಾರ?"

"ನಡದೈತವ್ವಾ. ನಮ್ಮ ಹಿತ್ತಲ ಗ್ವಾಡಿಗೆ ಹತ್ತಿ."

"ಸಾಲಿ ಅಕ್ಕೋರು ನನಗ ಮನೀಗೆ ಬಂದು ಕಲಸ್ತಾರೇನು ಕೇಳ್ತೀರೇನ್ರಿ? ನಾ ಮುಲ್ಕಿ ಕಟ್ಟಬೇಕಂತೇನಿ."

ಮುದುಕರು ಒಮ್ಮೆ ನನ್ನ ಅತ್ತೆಯ ಕಡೆ ನೋಡಿದರು, ಒಮ್ಮೆ ಬಾಗಿಲ ಕಡೆ. "ಕೇಳಿದ್ರಾತು. ಬ್ಯಾಡನ್ನೂ ಹೆಣ್ಣುಮಗಳಲ್ಲ ಆಕಿ" ಎಂದರು.

ಅತ್ತೆ ಆ ದಿನವೆಲ್ಲ ನನ್ನೊಡನೆ ಮಾತಾಡಲಿಲ್ಲ. ಪುಸ್ತಕವೇ ಮಗಳ ತಲೆ ಕೆಡಿಸಿತು, ಓದಿದವಳು ನಾನು ಎಂಬ ಸಿಟ್ಟು. ನಾನೂ ಹಾಗೆಯೇ ತಿಳಿದು ಒಳಗೊಳಗೆ ಸ್ವಲ್ಪ ಹಿಗ್ಗಿದ್ದೆ. ಹೊರಡಲು ಸೀರೆಗಳನ್ನು ಗಂಟು ಕಟ್ಟುತ್ತಿದ್ದ ನಾದಿನಿಗೆ ಅದನ್ನು ಹೇಳಿದಾಗ ಆಕೆ ನಕ್ಕುಬಿಟ್ಟಳು.

"ಪುಸ್ತಕ ಓದಿ ಹೋದ್ಲು ಅಂತ ಯಾರ ಮುಂದನೂ ಹೇಳಬ್ಯಾಡ್ರಿ ವೈನಿ. ನನಗ ಇಲ್ಲಿ ಬ್ಯಾಸರಾಗಿತ್ತು. ಅಲ್ಲಿ ಮಾವನ ರೊಟ್ಟಿ ಸುಡಾಕತ್ತಾವ. ಅಷ್ಟ."

ಆಕೆ ಹೋದಳು. ಹಗಲು ಮಾವನ ಮನೆಗೆಲಸ, ಸಂಜೆ ಅಕ್ಕೋರ ಪಾಠ. ಮೊದಲ ಸಲ ಗಣಿತದಲ್ಲಿ ಹೋಯಿತು, ಮರುವರ್ಷ ಪಾಸಾದಳು. ಧಾರವಾಡದಲ್ಲಿ ಶಿಕ್ಷಕಿಯರ ಟ್ರೇನಿಂಗಿಗೆ ಸೇರುವಾಗ ಮಾವನೇ ಜೊತೆಗೆ ಹೋಗಿ ಬಿಟ್ಟು ಬಂದರು. ಯುದ್ಧ ಮುಗಿಯಿತು. ಅದರ ಮುಂದಿನ ಬೇಸಿಗೆಗೆ ಮುಂಚೆ ಆಕೆಯ ಗಂಡ ಬಂದ, ತೀರ ಸೊರಗಿ, ಒಂದು ಕಿವಿ ಮಂದವಾಗಿ. ಹಿರೇಕೆರೂರಿನ ಮನೆಯಲ್ಲಿ ತಂದೆ ಮಾತ್ರ. ಹೆಂಡತಿ ಎಲ್ಲಿ ಎಂದರೆ ಧಾರವಾಡದಲ್ಲಿ, ಬೇಸಿಗೆಯ ಸೂಟಿಗೆ ಬರುತ್ತಾಳೆ ಎಂದು ತಂದೆ ಹೇಳಿದರು. ಆತ ಸೂಟಿಯ ತನಕ ಕಾದ. ಆಕೆ ಬಂದಾಗ ಅವರಿಬ್ಬರ ನಡುವೆ ಏನು ಮಾತಾಯಿತು ಎಂಬುದು ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಕೆಲವು ದಿನ ಆತ ಪಡಸಾಲೆಯಲ್ಲೇ ಮಲಗುತ್ತಿದ್ದನೆಂದು ಮಾತ್ರ ಮುದುಕರು ಅತ್ತೆಗೆ ಹೇಳಿದರು. ಆಮೇಲೆ ಎಲ್ಲ ಸರಿಹೋಯಿತು. ಮುಂದೆ ಆಕೆ ಬಹಳ ವರ್ಷ ಹಿರೇಕೆರೂರಿನಲ್ಲಿಯೇ ಶಾಲೆಯ ಅಕ್ಕೋರಾಗಿದ್ದಳು.

ಆ ಸೂಟಿಯಲ್ಲೇ ಇಬ್ಬರೂ ಅಕ್ಕಿಆಲೂರಿಗೆ ಬಂದರು. ಸಂತೆಯ ದಿನವಾದ್ದರಿಂದ ಹೊರಗೆ ಗದ್ದಲ, ಮನೆಯೊಳಗೆ ಹೋಳಿಗೆ. ಊಟವಾದ ಮೇಲೆ ಅಳಿಯ ಪಡಸಾಲೆಯಲ್ಲಿ ಕುಳಿತಿದ್ದ. ಎಲ್ಲೆಲ್ಲಿಗೆ ಹೋಗಿದ್ದೆ, ಏನು ಕಂಡೆ ಎಂದು ಯಾರು ಕೇಳಿದರೂ ಆತ ಎರಡು ಮಾತಿನಲ್ಲಿ ಮುಗಿಸುತ್ತಿದ್ದ. ಅತ್ತೆ ಆತನ ಕೇಳುವ ಕಿವಿಯ ಕಡೆಗೆ ಮಣೆ ಹಾಕಿಕೊಂಡು ಕುಳಿತು, "ನೀ ಇಲ್ಲದಾಗ ನಾವೊಂದು ಕತಿ ಓದಿದ್ವಿ, ಕೇಳು" ಎಂದು ಶುರುಮಾಡಿಬಿಟ್ಟರು. ನಾನು ನಾದಿನಿಯ ಕಡೆ ನೋಡಿದೆ. ಆಕೆ ಬಾಗಿಲಿಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದಳು.

ಅಂಬಿಗ ಬಂದ, ಹೊಳೆ ಬಂತು, ಜಗಳವಾಡಿ ಗಂಡ ಮನೆ ಬಿಟ್ಟ. ಅತ್ತೆ ಯಾವುದನ್ನೂ ಬಿಡಲಿಲ್ಲ. ಈಗ ದಿಬ್ಬವನ್ನು ಮೊದಲಿನಿಂದಲೇ ಎತ್ತಿ ಎತ್ತಿ ಹೇಳುತ್ತಿದ್ದರು, ಕುಳ್ಳನ್ನೂ ಮರೆಯಲಿಲ್ಲ. ಎರಡನೆಯ ಭಾಗ ಅರ್ಧವಾಗುವಷ್ಟರಲ್ಲಿ ಅಳಿಯ ಗೋಡೆಗೆ ತಲೆಯಿಟ್ಟು ನಿದ್ದೆಹೋಗಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಅತ್ತೆ ದನಿ ತಗ್ಗಿಸಿದರು, ಆದರೆ ನಿಲ್ಲಿಸಲಿಲ್ಲ. ನಮಗೆ ಹೇಳತೊಡಗಿದರು.

ಅಂಬಿಗ ಹೊಗೆ ತೋರಿಸಿದ. ಗಂಡ ದಿಬ್ಬ ಏರಿದ. ಮುಗಿಯಿತೆಂದು ನಾನು ಏಳುವುದರಲ್ಲಿದ್ದೆ. ಅತ್ತೆ ಮುಂದುವರಿದರು.

"ಮ್ಯಾಲ ಹೋಗಿ ನಿಂತ. ಆಕಿ ಒಲಿ ಮುಂದಿದ್ಲು. ತಿರುಗಿ ನೋಡಿದ್ಲು. 'ಕಾಲು ಕೆಸರಾಗ್ಯಾವ, ತೊಳಕೊಂಡು ಬರ್ರಿ' ಅಂದ್ಲು."

"ಅತ್ತಿಯವರ, ಅದು ಪುಸ್ತಕದಾಗ ಇಲ್ರಿ" ಎಂದೆ.

"ಇಲ್ಲಂದ್ರೇನಾತು? ಕೆಸರಂತೂ ಆಗಿರ್ತಾವಲ್ಲ."

ನಾದಿನಿ ಅಡಕೊತ್ತು ಕೆಳಗಿಟ್ಟಳು. ಎದ್ದು ಹೋಗಿ, ಗೋಡೆಗೆ ಒರಗಿದ್ದ ಗಂಡನ ಕುತ್ತಿಗೆಯ ಹಿಂದೆ ಒಂದು ದಿಂಬು ಸರಿಸಿ, ತಾನೂ ಅಲ್ಲಿಯೇ ಕುಳಿತಳು.